ಎಫ್‌ಎಫ್‌ಯುಗಳಿಗೆ ಆಟೊಮೇಷನ್: ಗಾಳಿಯ ವೇಗ ಬೇರೆ, ಕೋಣೆಯ ಒತ್ತಡ ಬೇರೆ

ಪ್ರಶ್ನೆ: ಮಂಡ್ಯ ಜಿಲ್ಲೆಯ ತೂಬಿನಕೆರೆ ಕೈಗಾರಿಕಾ ಪ್ರದೇಶದಲ್ಲಿ ಕ್ಯಾತಿಟರ್‌ಗಳನ್ನು ಜೋಡಿಸಿ ಪ್ಯಾಕ್ ಮಾಡುವ ಸಣ್ಣ ಘಟಕವೊಂದರ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಗಾಳಿಯಲ್ಲಿನ ಕಣಗಳನ್ನು ಮಿತಿಯಲ್ಲಿಡುವ ನಮ್ಮ ಕ್ಲೀನ್‌ರೂಮಿನ ಚಾವಣಿಯಲ್ಲಿ 48 ಫ್ಯಾನ್ ಫಿಲ್ಟರ್ ಯೂನಿಟ್‌ಗಳಿವೆ (ಎಫ್‌ಎಫ್‌ಯು, ಅಂದರೆ ಫ್ಯಾನ್ ಮತ್ತು ಫಿಲ್ಟರ್ ಒಂದೇ ಪೆಟ್ಟಿಗೆಯಲ್ಲಿರುವ ಸಾಧನ). 36 ಯೂನಿಟ್‌ಗಳು ಐಎಸ್‌ಒ 7ನೇ ದರ್ಜೆಯ ಜೋಡಣಾ ಹಾಲ್‌ನಲ್ಲಿವೆ, 12 ಯೂನಿಟ್‌ಗಳು ಅದಕ್ಕಿಂತ ಶುದ್ಧವಾದ ಐಎಸ್‌ಒ 5ನೇ ದರ್ಜೆಯ ಪ್ಯಾಕಿಂಗ್ ಸಾಲಿನ ಮೇಲಿವೆ. ಎಲ್ಲವೂ ಹಳೆಯ ಎಸಿ ಮೋಟರಿನವು, ಅಂದಾಜು 170 ವ್ಯಾಟ್ ಎಳೆಯುತ್ತವೆ. ವೇಗ ಬದಲಿಸಲು ಚಾವಣಿಯ ಮೇಲೆ ಹತ್ತಿ ಒಂದೊಂದರ ರೆಗ್ಯುಲೇಟರ್ ತಿರುಗಿಸಬೇಕು. ಇತ್ತೀಚೆಗೆ ಒಂದು ಫ್ಯಾನ್ ಒಂಬತ್ತು ದಿನ ನಿಂತಿದ್ದರೂ ಯಾರಿಗೂ ಗೊತ್ತಾಗಲಿಲ್ಲ. ಕರೆಂಟ್ ಹೋಗಿ ಜನರೇಟರ್ ಬಂದಾಗ ಮೂರು ನಾಲ್ಕು ಫ್ಯಾನ್‌ಗಳು ಮತ್ತೆ ತಿರುಗುವುದಿಲ್ಲ. ಭಾನುವಾರ ಉಳಿತಾಯಕ್ಕೆಂದು ಅರ್ಧದಷ್ಟು ಫ್ಯಾನ್‌ಗಳನ್ನು ಆರಿಸುತ್ತೇವೆ, ಎಎಚ್‌ಯು (ಗಾಳಿಯನ್ನು ತಂಪು ಮಾಡಿ ಕಳಿಸುವ ಯಂತ್ರ) ಮಾತ್ರ ಓಡುತ್ತಿರುತ್ತದೆ. ಸೋಮವಾರ ಬೆಳಗ್ಗೆ ಕಣಗಳ ಎಣಿಕೆ ಏರಿರುತ್ತದೆ. ಕಾರಿಡಾರ್‌ಗಿಂತ 15 ಪ್ಯಾಸ್ಕಲ್ ಹೆಚ್ಚಿರಬೇಕಾದ ಒತ್ತಡ 8ರಿಂದ 20ರ ನಡುವೆ ಓಲಾಡುತ್ತದೆ. ಆಟೊಮೇಷನ್ ಪೂರೈಕೆದಾರರೊಬ್ಬರು ಕೋಣೆಯ ಒತ್ತಡದ ಸೆನ್ಸರ್‌ಗೆ 48 ಯೂನಿಟ್‌ಗಳನ್ನೂ ಜೋಡಿಸಿ, ಒತ್ತಡ ಇಳಿದರೆ ಫ್ಯಾನ್‌ಗಳ ವೇಗ ತಾನಾಗಿ ಏರುವಂತೆ ಮಾಡುತ್ತೇವೆ, ವಿದ್ಯುತ್ ಖರ್ಚು ಅರ್ಧಕ್ಕೆ ಇಳಿಯುತ್ತದೆ ಎನ್ನುತ್ತಿದ್ದಾರೆ. ಮಾಲೀಕರಿಗೆ ಒಪ್ಪಿಗೆಯಾಗಿದೆ, ನನಗೆ ಧೈರ್ಯ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮಗೆ ಧೈರ್ಯ ಬಾರದಿರುವುದು ಸರಿಯಾಗಿಯೇ ಇದೆ. ನೀವು ಬರೆದಿರುವ ನಾಲ್ಕು ತೊಂದರೆಗಳೂ ನಿಜ. ಆದರೆ ಅವು ನಾಲ್ಕು ಬೇರೆ ಬೇರೆ ಕಾರಣಗಳಿಂದ ಹುಟ್ಟಿದವು. ಎಲ್ಲವನ್ನೂ ಒಂದೇ ಒತ್ತಡದ ಸೆನ್ಸರ್‌ಗೆ ಕಟ್ಟಿದರೆ ಮೂರು ಹಾಗೆಯೇ ಉಳಿದು ಐದನೆಯದೊಂದು ಸೇರಿಕೊಳ್ಳುತ್ತದೆ. ಮೈಸೂರು, ನಂಜನಗೂಡು, ಮಂಡ್ಯದ ಕಡೆಯ ಘಟಕಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕ್ಲೀನ್‌ರೂಮುಗಳ ಗಾಳಿ ವ್ಯವಸ್ಥೆಯನ್ನು ಚಾಲನೆಗೊಳಿಸುವ ಕೆಲಸ ಮಾಡಿದ್ದೇನೆ. ಅಲ್ಲಿ ಮತ್ತೆ ಮತ್ತೆ ಕಂಡ ತಪ್ಪು ಇದೇ: ಫ್ಯಾನ್ ಫಿಲ್ಟರ್ ಯೂನಿಟ್ ಎಂಬುದು ಗಾಳಿಯ ವೇಗವನ್ನು ಕೊಡುವ ಸಾಧನ ಎಂಬುದನ್ನು ಮರೆತು, ಅದರಿಂದ ಕೋಣೆಯ ಒತ್ತಡವನ್ನು ಹಿಡಿಯಲು ಹೋಗುವುದು.

ನಿಮ್ಮ ಕೋಣೆಯಲ್ಲಿ ಗಾಳಿ ಸುತ್ತುವ ದಾರಿಯನ್ನು ನೋಡೋಣ. ಎಎಚ್‌ಯು ತಂಪು ಮಾಡಿದ ಗಾಳಿಯನ್ನು ಚಾವಣಿಯ ಮೇಲಿನ ಮುಚ್ಚಿದ ಜಾಗಕ್ಕೆ, ಅಂದರೆ ಪ್ಲೀನಂಗೆ, ತುಂಬುತ್ತದೆ. ಎಫ್‌ಎಫ್‌ಯುಗಳು ಅದೇ ಗಾಳಿಯನ್ನು ಎಳೆದು ಅತಿಸೂಕ್ಷ್ಮ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಮೂಲಕ ಕೆಳಗೆ ಬಿಡುತ್ತವೆ. ಗೋಡೆಯ ಬುಡದ ಗ್ರಿಲ್‌ಗಳಿಂದ ಅದು ಮತ್ತೆ ಎಎಚ್‌ಯುಗೆ ಮರಳುತ್ತದೆ, ದಾರಿಯಲ್ಲಿ ಸ್ವಲ್ಪ ಹೊರಗಾಳಿ ಸೇರಿಕೊಳ್ಳುತ್ತದೆ. ಅಂದರೆ ಎಫ್‌ಎಫ್‌ಯು ಮಾಡುವುದು ಒಳಗಿರುವ ಗಾಳಿಯನ್ನೇ ಸುತ್ತಿಸುವ ಕೆಲಸ. ಕಾರಿಡಾರ್‌ಗಿಂತ ಕೋಣೆಯಲ್ಲಿ ಒತ್ತಡ ಹೆಚ್ಚಿರುವುದಕ್ಕೆ ಕಾರಣ ಒಳಬರುವ ಹೊರಗಾಳಿ. ಎಕ್ಸಾಸ್ಟ್‌ನಲ್ಲಿ ಹೊರಹೋಗುವುದನ್ನು ಕಳೆದು ಉಳಿದ ಪಾಲು ಬಾಗಿಲ ಸಂದು, ಸಾಮಾನು ದಾಟಿಸುವ ಪಾಸ್‌ಬಾಕ್ಸ್‌ಗಳ ಮೂಲಕ ಹೊರಗೆ ನುಸುಳುವಾಗ ಉಂಟಾಗುವ ಒತ್ತಡವೇ ನಿಮ್ಮ ಗೇಜ್ ತೋರಿಸುವ 15 ಪ್ಯಾಸ್ಕಲ್. ಬಾವಿಯ ನೀರನ್ನು ಪಂಪಿನಿಂದ ಎತ್ತಿ ಅದೇ ಬಾವಿಗೆ ಬಿಟ್ಟರೆ ಬಾವಿಯ ಮಟ್ಟ ಏರುವುದಿಲ್ಲವಷ್ಟೆ.

ಪೂರೈಕೆದಾರರು ಡೆಮೊ ತೋರಿಸುವಾಗ ಫ್ಯಾನ್‌ಗಳ ವೇಗ ಏರಿಸಿದರೆ ಗೇಜಿನ ಮುಳ್ಳು ತುಸು ಏರುವುದು ನಿಜ. ಪ್ಲೀನಂ ಒತ್ತಡ ಇಳಿದದ್ದರಿಂದ ಎಎಚ್‌ಯು ಸ್ವಲ್ಪ ಹೆಚ್ಚು ಗಾಳಿ ಎಳೆಯುತ್ತದೆ, ಅದರೊಂದಿಗೆ ಸ್ವಲ್ಪ ಹೊರಗಾಳಿಯೂ ಬರುತ್ತದೆ. ಆದರೆ ಈ ಪರಿಣಾಮ ಬಹಳ ದುರ್ಬಲ. ಎರಡು ಮೂರು ಪ್ಯಾಸ್ಕಲ್ ಸರಿಪಡಿಸಲು ಕಂಟ್ರೋಲರ್ 48 ಫ್ಯಾನ್‌ಗಳನ್ನೂ ಗರಿಷ್ಠ ವೇಗಕ್ಕೆ ತಳ್ಳಬೇಕಾಗಬಹುದು. ಯಾರೋ ಟ್ರಾಲಿ ತರಲು ಬಾಗಿಲನ್ನು ಅರ್ಧ ನಿಮಿಷ ತೆರೆದಿಟ್ಟರೂ ವೇಗ ಏರುತ್ತದೆ, ಮುಚ್ಚಿದ ಕೂಡಲೇ ಇಳಿಯುತ್ತದೆ, ದಿನವಿಡೀ ಹೀಗೆ ಏರಿಳಿಯುತ್ತಿರುತ್ತದೆ. ಇದರಿಂದ ನಿಜವಾಗಿ ಹಾಳಾಗುವುದು ಪ್ಯಾಕಿಂಗ್ ಸಾಲು. ಅಲ್ಲಿ ಗಾಳಿ ಒಂದೇ ದಿಕ್ಕಿನಲ್ಲಿ, ಒಂದೇ ವೇಗದಲ್ಲಿ ಇಳಿಯುತ್ತಿರಬೇಕು. ಅದಕ್ಕಾಗಿಯೇ ಆ 12 ಯೂನಿಟ್‌ಗಳನ್ನು ಹಾಕಿರುವುದು. ಆ 12ನ್ನು ಮಾತ್ರ ಯಾವ ಕಾರಣಕ್ಕೂ ಕೋಣೆಯ ಒತ್ತಡಕ್ಕೆ ಕಟ್ಟಲು ಒಪ್ಪಬೇಡಿ.

ಒತ್ತಡದ ಓಲಾಟಕ್ಕೆ ಮದ್ದು ಹೊರಗಾಳಿಯ ಕಡೆ ಇದೆ. ಹೊರಗಾಳಿಯ ಫ್ಯಾನ್‌ಗೆ ವೇಗ ಹೊಂದಿಸುವ ವಿಎಫ್‌ಡಿ ಹಾಕಬಹುದು, ಇಲ್ಲವೇ ರಿಟರ್ನ್ ಅಥವಾ ಎಕ್ಸಾಸ್ಟ್ ಡ್ಯಾಂಪರ್‌ಗೆ ಮೋಟರ್ ಕೂರಿಸಿ, ಬಾಗಿಲು ತೆರೆದಾಗ ಸ್ವಲ್ಪ ಹೊತ್ತು ಕಾದು ನಿಧಾನವಾಗಿ ಸ್ಪಂದಿಸುವಂತೆ ಹೊಂದಿಸಬಹುದು. ಅದಕ್ಕೂ ಮೊದಲು ಹೊರಗಾಳಿಯ ಪ್ರೀ-ಫಿಲ್ಟರ್ ಬಿಚ್ಚಿ ನೋಡಿ. ಮಂಡ್ಯದ ಸುತ್ತ ಕಬ್ಬು ಕಟಾವಾಗಿ ತರಗಿಗೆ ಬೆಂಕಿ ಹಚ್ಚುವ ದಿನಗಳಲ್ಲಿ, ಆಲೆಮನೆಗಳ ಒಲೆ ಉರಿಯುವ ಕಾಲದಲ್ಲಿ ಈ ಫಿಲ್ಟರ್‌ಗಳು ಕಟ್ಟಿಕೊಳ್ಳುವ ವೇಗವನ್ನು ಬೇರೆ ಊರಿನ ಲೆಕ್ಕದಿಂದ ಅಳೆಯಲಾಗದು. ಶ್ರೀರಂಗಪಟ್ಟಣದ ಕಡೆಯ ಒಂದು ಘಟಕದಲ್ಲಿ ಬ್ಯಾಗ್ ಫಿಲ್ಟರ್ ಹೊರಗೆಳೆದಾಗ ಬಟ್ಟೆ ಮಸಿ ಹಿಡಿದು ಗಟ್ಟಿಯಾಗಿತ್ತು, ಮುಟ್ಟಿದ ಬೆರಳಿಗೆ ಬೆಲ್ಲದ ಹೊಗೆಯ ವಾಸನೆ ಅಂಟಿಕೊಂಡಿತು. ಅಲ್ಲಿ ಮೂರು ತಿಂಗಳಿಗೊಮ್ಮೆ ಎಂದು ಬರೆದಿಟ್ಟ ವೇಳಾಪಟ್ಟಿಯನ್ನು ಒತ್ತಡ-ವ್ಯತ್ಯಾಸದ ಗೇಜ್ ನೋಡಿ ಬದಲಿಸುವ ಪದ್ಧತಿಗೆ ತಂದ ಮೇಲೆ ಕೋಣೆಯ ಒತ್ತಡ ಯಾವ ಆಟೊಮೇಷನ್ ಇಲ್ಲದೆಯೇ ಬಹುಮಟ್ಟಿಗೆ ನೆಲೆ ನಿಂತಿತು.

ಇನ್ನು ಸೋಮವಾರದ ಎಣಿಕೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಳವಳಕ್ಕೆ ಒಡ್ಡಿದ್ದು ಇದೇ, ಏಕೆಂದರೆ ಇದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ವಾರದ ದಿನಗಳಲ್ಲಿ ಫ್ಯಾನ್‌ಗಳು ಪ್ಲೀನಂನಿಂದ ಗಾಳಿ ಎಳೆಯುತ್ತಿರುವುದರಿಂದ ಪ್ಲೀನಂ ಒತ್ತಡ ಕೋಣೆಗಿಂತ ಕಡಿಮೆ ಇರುತ್ತದೆ. ಚಾವಣಿಯ ಗ್ರಿಡ್‌ನಲ್ಲಿ ಎಲ್ಲಾದರೂ ಸಣ್ಣ ಸಂದು ಇದ್ದರೂ ಸೋರಿಕೆ ಕೋಣೆಯಿಂದ ಮೇಲಕ್ಕೆ ಹೋಗುತ್ತದೆ, ಅದರಿಂದ ಅಪಾಯವಿಲ್ಲ. ಎಫ್‌ಎಫ್‌ಯು ವ್ಯವಸ್ಥೆಯ ದೊಡ್ಡ ಗುಣವೇ ಇದು. ಭಾನುವಾರ ಅರ್ಧ ಫ್ಯಾನ್‌ಗಳನ್ನು ಆರಿಸಿ ಎಎಚ್‌ಯುವನ್ನು ಹಾಗೆಯೇ ಬಿಟ್ಟಾಗ ಲೆಕ್ಕ ತಲೆಕೆಳಗಾಗುತ್ತದೆ: ಎಎಚ್‌ಯು ತುಂಬುವಷ್ಟನ್ನು ಉಳಿದ ಫ್ಯಾನ್‌ಗಳು ಎಳೆಯಲಾರದೆ ಪ್ಲೀನಂ ಒತ್ತಡ ಕೋಣೆಯದಕ್ಕಿಂತ ಹೆಚ್ಚುತ್ತದೆ, ಆಗ ಹೆಪಾ ಫಿಲ್ಟರ್ ದಾಟದ ಗಾಳಿ ಗ್ಯಾಸ್ಕೆಟ್ ಸಂದುಗಳಿಂದ ನೇರವಾಗಿ ಕೆಳಗಿಳಿಯುತ್ತದೆ. ನಂಜನಗೂಡಿನ ಕಡೆಯ ಒಂದು ಘಟಕದಲ್ಲಿ ಇದೇ ರೀತಿ ತಿಂಗಳುಗಟ್ಟಲೆ ನಡೆದಿತ್ತು. ಟಾರ್ಚ್ ಹಿಡಿದು ಚಾವಣಿಯನ್ನು ಕೆಳಗಿನಿಂದ ನೋಡಿದಾಗ ಬಿಳಿ ಗ್ರಿಡ್‌ನ ಅಂಚಿನುದ್ದಕ್ಕೂ ಪೆನ್ಸಿಲಿನಲ್ಲಿ ಎಳೆದಂತೆ ತೆಳುವಾದ ಬೂದು ಗೆರೆ ಕಾಣುತ್ತಿತ್ತು. ಆ ಗೆರೆಯನ್ನು ನಿಮ್ಮಲ್ಲಿಯೂ ಹುಡುಕಿ. ಈ ಭಾನುವಾರ ಒಂದು ಸೂಕ್ಷ್ಮ ಡಿಪಿ (ಒತ್ತಡ-ವ್ಯತ್ಯಾಸದ) ಗೇಜ್ ತೆಗೆದುಕೊಂಡು ಒಂದು ಟ್ಯೂಬ್ ಪ್ಲೀನಂನಲ್ಲಿ, ಇನ್ನೊಂದು ಕೋಣೆಯಲ್ಲಿ ಇಟ್ಟು ಓದಿ. ಪ್ಲೀನಂ ಕಡೆ ಒಂದೆರಡು ಪ್ಯಾಸ್ಕಲ್ ಹೆಚ್ಚು ತೋರಿದರೂ ನಿಮ್ಮ ಸೋಮವಾರದ ಸಮಸ್ಯೆಗೆ ಕಾರಣ ಸಿಕ್ಕಂತೆ.

ಹಾಗಾದರೆ ರಜೆಯ ದಿನ ಉಳಿತಾಯ ಮಾಡಲೇಬಾರದೇ? ಮಾಡಬಹುದು. ಆದರೆ ಫ್ಯಾನ್‌ಗಳನ್ನು ಆರಿಸಬಾರದು, ಎಲ್ಲದರ ವೇಗವನ್ನೂ ಒಟ್ಟಿಗೆ ಇಳಿಸಬೇಕು, ಅದರೊಂದಿಗೆ ಎಎಚ್‌ಯು ಫ್ಯಾನ್‌ನ ವೇಗವೂ ಇಳಿದು ಪ್ಲೀನಂ ಸದಾ ಕೋಣೆಗಿಂತ ಸುಮಾರು 5 ಪ್ಯಾಸ್ಕಲ್ ಕಡಿಮೆಯೇ ಇರುವಂತೆ ಇಂಟರ್‌ಲಾಕ್ ಮಾಡಬೇಕು. ನಿಮ್ಮ ಘಟಕಕ್ಕೆ ಒತ್ತಡದ ಸೆನ್ಸರ್‌ನಿಂದ ಓಡುವ ಕಂಟ್ರೋಲ್ ನಿಜವಾಗಿ ಬೇಕಾಗಿರುವುದು ಇಲ್ಲಿ. ಆರಿಸಿದ ಯೂನಿಟ್‌ಗೆ ಇನ್ನೊಂದು ದೋಷವೂ ಉಂಟು. ಪ್ಲೀನಂ ಒತ್ತಡ ಕಡಿಮೆ ಇರುವಾಗ ನಿಂತ ಫ್ಯಾನಿನ ಮೂಲಕ ಕೋಣೆಯ ಗಾಳಿ ಹಿಮ್ಮುಖವಾಗಿ ಮೇಲೇರಿ, ಕಣಗಳು ಫಿಲ್ಟರಿನ ಶುದ್ಧ ಬದಿಯ ಮೇಲೆಯೇ ಕೂರುತ್ತವೆ. ನಿಮ್ಮಲ್ಲಿ ಒಂಬತ್ತು ದಿನ ನಿಂತಿದ್ದ ಯೂನಿಟ್‌ನ ಮುಖವನ್ನು ಒರೆಸಿ, ಅದರ ಸೋರಿಕೆ ಪರೀಕ್ಷೆ ಮತ್ತು ಅಲ್ಲಿನ ಕಣಗಳ ಎಣಿಕೆ ಎರಡನ್ನೂ ಮಾಡಿಸದೆ ಅದರ ಕೆಳಗೆ ಕೆಲಸ ಮುಂದುವರಿಸಬೇಡಿ.

ಕರೆಂಟ್ ಬಂದರೂ ಕೆಲವು ಫ್ಯಾನ್ ತಿರುಗದಿರುವುದಕ್ಕೆ ಕಂಟ್ರೋಲ್ ಇಲ್ಲದಿರುವುದು ಕಾರಣವಲ್ಲ. ಹಳೆಯ ಎಸಿ ಮೋಟರಿಗೆ ಕೆಪಾಸಿಟರ್ ಇರುತ್ತದೆ. ಅದು ಬಲ ಕಳೆದುಕೊಂಡ ಮೇಲೆ ತಿರುಗುತ್ತಿರುವ ಫ್ಯಾನ್ ಹೇಗೋ ತಿರುಗುತ್ತಿರುತ್ತದೆ, ಒಮ್ಮೆ ನಿಂತರೆ ಏಳಲಾರದೆ ಗುಂಯ್‌ಗುಡುತ್ತಾ ಬಿಸಿಯಾಗುತ್ತದೆ. ರೆಗ್ಯುಲೇಟರ್ ಕಡಿಮೆಯಲ್ಲಿ ಇಟ್ಟಿದ್ದರೆ ಇನ್ನೂ ಕಷ್ಟ. ಪ್ರತಿ ಕೆಪಾಸಿಟರನ್ನೂ ಮೀಟರಿನಲ್ಲಿ ಅಳೆದು, ಮೇಲೆ ಅಚ್ಚಾದ ಮೈಕ್ರೊಫ್ಯಾರಡ್‌ಗಿಂತ ಗಣನೀಯವಾಗಿ ಕಡಿಮೆ ಇರುವುದನ್ನೆಲ್ಲ ಬದಲಿಸಿ. ಅಳೆಯುವ ಮುನ್ನ ವಿದ್ಯುತ್ ತೆಗೆದು ಕೆಪಾಸಿಟರನ್ನು ಡಿಸ್ಚಾರ್ಜ್ ಮಾಡುವುದನ್ನು ಮರೆಯಬೇಡಿ.

ವಿದ್ಯುತ್ ಖರ್ಚು ಅರ್ಧವಾಗುತ್ತದೆ ಎಂಬ ಮಾತಿಗೆ ಬರುತ್ತೇನೆ. 48 ಯೂನಿಟ್‌ಗಳು 170 ವ್ಯಾಟ್‌ನಂತೆ ಎಳೆದರೆ ಸುಮಾರು 8.2 ಕಿಲೊವ್ಯಾಟ್, ಹಗಲು ರಾತ್ರಿ ಓಡಿದರೆ 30 ದಿನದ ತಿಂಗಳಿಗೆ 5,900 ಯೂನಿಟ್‌ನಷ್ಟು ವಿದ್ಯುತ್. ಆ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಗಾಳಿಗೇ ಸೇರುವುದರಿಂದ ಗಾಳಿಯನ್ನು ತಂಪಾಗಿಸುವ ಚಿಲ್ಲರ್ ಮೇಲೆ ಸುಮಾರು 2.3 ಟನ್ (ಎಸಿಗಳ ತಂಪಿನ ಅಳತೆಯ ಟನ್) ಹೊರೆ ಬೀಳುತ್ತದೆ. ಫ್ಯಾನಿನಲ್ಲಿ ಉಳಿಸಿದ್ದರ ಒಂದು ಪಾಲು ಚಿಲ್ಲರ್‌ನಲ್ಲಿಯೂ ಉಳಿಯುತ್ತದೆ. ಫ್ಯಾನಿನ ನಿಯಮದ ಪ್ರಕಾರ ಗಾಳಿಯ ಪ್ರಮಾಣ ವೇಗಕ್ಕೆ ಅನುಗುಣವಾಗಿ ಇಳಿದರೆ, ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಇಳಿಯುತ್ತದೆ. ವೇಗ ಶೇ 20 ಕಡಿಮೆಯಾದರೆ ಶಕ್ತಿ ಸರಿಸುಮಾರು ಅರ್ಧ. ಪೂರೈಕೆದಾರರ ಮಾತಿನ ಮೂಲ ಇದೇ ಇರಬೇಕು. ಆದರೆ ಈ ಉಳಿತಾಯ ಬರುವುದು ವೇಗ ಇಳಿಸುವುದರಿಂದ. ಆಟೊಮೇಷನ್ ಎಂಬುದು ವೇಗ ಇಳಿಸಲು ಅನುಕೂಲ ಮಾಡಿಕೊಡುತ್ತದೆ, ಅಷ್ಟೆ. ಜೊತೆಗೆ ಹಳೆಯ ಎಸಿ ಮೋಟರನ್ನು ರೆಗ್ಯುಲೇಟರ್‌ನಿಂದ ನಿಧಾನಗೊಳಿಸಿದಾಗ ಶಕ್ತಿಯ ಒಂದು ಭಾಗ ಮೋಟರಿನಲ್ಲಿಯೇ ಶಾಖವಾಗಿ ಹೋಗುವುದರಿಂದ ಘನದ ಲೆಕ್ಕ ಪೂರ್ತಿ ಕೈಗೆ ಸಿಗುವುದಿಲ್ಲ. ಎಲೆಕ್ಟ್ರಾನಿಕ್ಸ್‌ನಿಂದ ವೇಗ ಹೊಂದಿಸುವ ಇಸಿ ಮೋಟರ್‌ನಲ್ಲಿ ಅದರ ಹತ್ತಿರಕ್ಕೆ ಹೋಗಬಹುದು.

ವೇಗವನ್ನು ಎಷ್ಟು ಇಳಿಸಬಹುದು? ಪ್ರತಿ ಫಿಲ್ಟರಿನ ಕೆಳಗೂ ಸೆಕೆಂಡಿಗೆ 0.45 ಮೀಟರ್ ಇರಲೇಬೇಕು ಎಂಬ ನಂಬಿಕೆ ನಮ್ಮ ವೃತ್ತಿಯಲ್ಲಿ ಬಹಳ ಆಳವಾಗಿ ಬೇರೂರಿದೆ. ಅದು 1963ರ ಅಮೆರಿಕದ ಫೆಡರಲ್ ಸ್ಟ್ಯಾಂಡರ್ಡ್ 209ರಲ್ಲಿದ್ದ ನಿಮಿಷಕ್ಕೆ 90 ಅಡಿ ಎಂಬ ಸಂಖ್ಯೆಯ ಮುಂದುವರಿಕೆ. ಆ ಮಾನದಂಡವನ್ನು 2001ರಲ್ಲೇ ಹಿಂತೆಗೆದುಕೊಳ್ಳಲಾಯಿತು. ಗಾಳಿ ಏಕಮುಖವಾಗಿ ಇಳಿಯಬೇಕಾದ ನಿಮ್ಮ ಪ್ಯಾಕಿಂಗ್ ಸಾಲಿಗೆ 0.36ರಿಂದ 0.54ರ ವ್ಯಾಪ್ತಿಯನ್ನು ಇಂದಿಗೂ ಮಾರ್ಗಸೂಚಿಯಾಗಿ ಇಟ್ಟುಕೊಳ್ಳುವುದು ಸೂಕ್ತ. ಆದರೆ ಐಎಸ್‌ಒ 7ರ ಹಾಲ್‌ನಲ್ಲಿ ಗಾಳಿ ಬೆರೆತು ಕಣಗಳನ್ನು ತೆಳುವಾಗಿಸುತ್ತದೆ. ಅಲ್ಲಿ ಮುಖ್ಯವಾದದ್ದು ಘನ ಮೀಟರಿಗೆ 0.5 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳು 3,52,000 ಮೀರದಿರುವುದು, ಮತ್ತು ಕಲುಷಿತವಾದ ಕೋಣೆ ಎಷ್ಟು ನಿಮಿಷದಲ್ಲಿ ಚೇತರಿಸಿಕೊಳ್ಳುತ್ತದೆ ಎಂಬುದು. ಆ 36 ಯೂನಿಟ್‌ಗಳನ್ನು ಒಮ್ಮೆಗೆ ಶೇ 5ರಂತೆ ಇಳಿಸುತ್ತಾ, ಕೆಲಸ ನಡೆಯುವಾಗಿನ ಎಣಿಕೆ ಮತ್ತು ಚೇತರಿಕೆ ಸಮಯ ಎರಡನ್ನೂ ಪ್ರತಿ ಹಂತದಲ್ಲಿ ದಾಖಲಿಸಿದರೆ ನಿಮ್ಮ ಕೋಣೆಗೆ ಬೇಕಾದ ವೇಗ ತಾನಾಗಿ ಗೊತ್ತಾಗುತ್ತದೆ. ನಿಮ್ಮ ಉಳಿತಾಯವೆಲ್ಲ ಇರುವುದು ಈ ಹಾಲ್‌ನಲ್ಲಿ. ಪ್ಯಾಕಿಂಗ್ ಸಾಲನ್ನು ಅದಕ್ಕಾಗಿ ಮುಟ್ಟಬೇಕಿಲ್ಲ.

ಅಳತೆಯ ವಿಷಯದಲ್ಲಿ ನಮ್ಮ ಭಾಗದವರು ಗಮನಿಸಬೇಕಾದ ಸಂಗತಿಯೊಂದಿದೆ. ಮಂಡ್ಯ ಸಮುದ್ರಮಟ್ಟದಿಂದ ಸುಮಾರು 680 ಮೀಟರ್, ಮೈಸೂರು ಸುಮಾರು 760 ಮೀಟರ್ ಎತ್ತರದಲ್ಲಿವೆ. ಇಲ್ಲಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಶೇ 8ರಷ್ಟು ಕಡಿಮೆ. ಗಾಳಿಯ ವೇಗ ಅಳೆಯುವ ಬಿಸಿ ತಂತಿಯ ಅನಿಮೋಮೀಟರ್‌ಗಳು ಸಾಮಾನ್ಯವಾಗಿ ಸಮುದ್ರಮಟ್ಟದ ಗಾಳಿಗೆ ಹೊಂದಿಸಿದ ವೇಗವನ್ನು ತೋರಿಸುತ್ತವೆ. ಸ್ಥಳದ ವಾಯುಭಾರವನ್ನು ಮೀಟರಿಗೆ ಕೊಡದಿದ್ದರೆ ನಿಜವಾದ 0.45 ಇರುವಲ್ಲಿ ಅದು 0.41 ಎಂದು ಓದುತ್ತದೆ. ಆಗ ಎಲ್ಲ ಫ್ಯಾನ್‌ಗಳನ್ನೂ ಮೇಲಕ್ಕೆ ತಿರುಗಿಸುತ್ತಾರೆ, ಯಾರಿಗೂ ಅರಿವಿಲ್ಲದೆ ಕಾಲು ಭಾಗಕ್ಕೂ ಹೆಚ್ಚು ವಿದ್ಯುತ್ ಅನವಶ್ಯಕವಾಗಿ ಖರ್ಚಾಗುತ್ತಿರುತ್ತದೆ. ನಿಮ್ಮ ವ್ಯಾಲಿಡೇಷನ್ ಏಜೆನ್ಸಿಯವರು ಈ ತಿದ್ದುಪಡಿ ಮಾಡಿದ್ದಾರೆಯೇ ಎಂದು ಹಳೆಯ ವರದಿ ತೆಗೆದು ನೋಡಿ, ಅಲ್ಲಿ ಇರದಿದ್ದರೆ ಕೇಳಿ.

ಈಗ ನಿಮ್ಮ ಮುಂದಿರುವ ದಾರಿಗಳು. ಹಣ ಕಡಿಮೆಯಿದ್ದರೆ ಹಳೆಯ ಫ್ಯಾನ್‌ಗಳನ್ನೇ ಉಳಿಸಿಕೊಂಡು, ಪ್ರತಿ ಯೂನಿಟ್‌ಗೆ ಒಂದು ಡಿಪಿ ಸ್ವಿಚ್ ಹಾಕಿ ಚಿಕ್ಕ ಪಿಎಲ್‌ಸಿಗೆ (ಪ್ರೋಗ್ರಾಂನಿಂದ ಓಡುವ ಕಂಟ್ರೋಲರ್) ತಂದು ಅಲಾರಾಂ ಕೊಡಿಸಿ. ಕೆಲವರು ಕರೆಂಟ್ ಸೆನ್ಸರ್ ಸಾಕು ಎನ್ನುತ್ತಾರೆ. ಅದನ್ನು ನಂಬಬೇಡಿ: ಕೆಪಾಸಿಟರ್ ಕೆಟ್ಟು ನಿಂತ ಮೋಟರ್ ಕೂಡ ಕರೆಂಟ್ ಎಳೆಯುತ್ತದೆ, ಪರದೆಯ ಮೇಲೆ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಗಾಳಿ ಬರುತ್ತಿದೆಯೇ ಎಂಬುದಕ್ಕೆ ಗಾಳಿಯ ಸಾಕ್ಷಿಯೇ ಬೇಕು. ಒಂಬತ್ತು ದಿನ ನಿಂತ ಫ್ಯಾನಿನಂಥ ಘಟನೆ ಮರುಕಳಿಸದಂತೆ ತಡೆಯಲು ಇಷ್ಟು ಸಾಕು.

ಎರಡನೆಯದು ಇಸಿ ಮೋಟರಿನ ಯೂನಿಟ್‌ಗಳನ್ನು ಹಾಕಿ, ಗುಂಪು ಗುಂಪಾಗಿ 0-10 ವೋಲ್ಟ್ ಸಿಗ್ನಲ್‌ನಿಂದ ವೇಗ ಹೊಂದಿಸುವುದು. ವೈರಿಂಗ್ ಸರಳ, ನಿಮ್ಮ ಎಲೆಕ್ಟ್ರಿಷಿಯನ್ನರೇ ನೋಡಿಕೊಳ್ಳಬಲ್ಲರು. ಆದರೆ ಸಿಗ್ನಲ್ ಹೋಗುತ್ತದೆಯೇ ಹೊರತು ಉತ್ತರ ಬರುವುದಿಲ್ಲ, ಫ್ಯಾನ್‌ವಾರು ಅಲಾರಾಂಗೆ ಬೇರೆ ವೈರ್ ಎಳೆಯಬೇಕು. ಸಿಗ್ನಲ್ ತುಂಡಾದರೆ ಕೆಲವು ಮೋಟರ್‌ಗಳು ನಿಲ್ಲುತ್ತವೆ, ಕೆಲವು ಪೂರ್ಣ ವೇಗಕ್ಕೆ ಏರುತ್ತವೆ. ಯಾವುದೆಂದು ಕೊಳ್ಳುವ ಮೊದಲೇ ತಿಳಿದುಕೊಳ್ಳಿ.

ಮೂರನೆಯದು ಆರ್‌ಎಸ್-485 ಕೇಬಲ್ ಮೇಲೆ ಮಾಡ್‌ಬಸ್, ಅಂದರೆ ಒಂದೇ ಕೇಬಲ್‌ನಲ್ಲಿ ಹಲವು ಯಂತ್ರಗಳೊಂದಿಗೆ ಮಾಹಿತಿ ಕೊಟ್ಟು ಪಡೆಯುವ ವಿಧಾನ. ಪ್ರತಿ ಯೂನಿಟ್‌ಗೂ ಒಂದು ವಿಳಾಸ ಇರುತ್ತದೆ, ಪ್ರತಿಯೊಂದರ ವೇಗ, ದೋಷ, ಓಡಿದ ಗಂಟೆಗಳು ಪರದೆಗೆ ಬರುತ್ತವೆ. ಬಂಡವಾಳಕ್ಕೆ ಮಾಲೀಕರು ಒಪ್ಪಿದರೆ ನಾನು ಹೇಳುವುದು ಇದನ್ನೇ. 48 ಯೂನಿಟ್‌ಗಳನ್ನು ಒಂದು ಸುತ್ತು ಓದಿ ಬರಲು ಐದಾರು ಸೆಕೆಂಡ್ ಹಿಡಿದರೂ ಚಿಂತೆಯಿಲ್ಲ, ಇಲ್ಲಿ ಅವಸರದ ಕೆಲಸ ಯಾವುದೂ ಇಲ್ಲ. ಕೇಬಲ್ ಒಂದು ಯೂನಿಟ್‌ನಿಂದ ಮುಂದಿನದಕ್ಕೆ ಸರಪಳಿಯಂತೆ ಸಾಗಬೇಕು, ನಡುವೆ ಕವಲು ಒಡೆಯಬಾರದು. ಎರಡು ತುದಿಗಳಲ್ಲಿ ಮಾತ್ರ 120 ಓಮ್ ರೆಸಿಸ್ಟರ್ ಇರಬೇಕು. 48ನ್ನೂ ಒಂದೇ ಸಾಲಿಗೆ ಹಾಕದೆ, ಪ್ಯಾಕಿಂಗ್ ಸಾಲಿನ 12ಕ್ಕೆ ಪ್ರತ್ಯೇಕ ಸಾಲು ಕೊಡಿ. ವೈರ್‌ಲೆಸ್ ಆಯ್ಕೆ ನಿಮ್ಮ ಮುಂದೆ ಬಂದರೆ, ಲೋಹದ ಪ್ಯಾನೆಲ್‌ಗಳ ನಡುವೆ ಅದನ್ನು ಕಂಟ್ರೋಲ್‌ಗೆ ಅವಲಂಬಿಸುವುದು ನನಗೆ ಒಪ್ಪಿಗೆಯಿಲ್ಲ.

ಇಸಿ ಮೋಟರ್‌ಗೆ ಬದಲಾಗುವಾಗ ವಿದ್ಯುತ್ ಫಲಕದ ಕಡೆ ಕಣ್ಣಿಡದವರು ಬಹಳ ಮಂದಿ. ಈ ಮೋಟರ್‌ಗಳ ಒಳಗಿನ ಎಲೆಕ್ಟ್ರಾನಿಕ್ಸ್‌ನಿಂದ ಅರ್ಥ್‌ಗೆ ಸ್ವಲ್ಪ ಕರೆಂಟ್ ಸದಾ ಸೋರುತ್ತದೆ. ಒಂದಕ್ಕೆ 2 ಮಿಲಿಆಂಪಿಯರ್ ಎಂದುಕೊಂಡರೂ 16 ಯೂನಿಟ್‌ಗೆ 32 ಆಗಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸುರಕ್ಷತಾ ಸ್ವಿಚ್) ಕಾರಣವಿಲ್ಲದೆ ಬಿದ್ದಂತೆ ಕಾಣುತ್ತದೆ. ಅದನ್ನು ತೆಗೆದುಹಾಕುವುದು ಪರಿಹಾರವಲ್ಲ, ಯೂನಿಟ್‌ಗಳನ್ನು ಹೆಚ್ಚು ಸರ್ಕ್ಯೂಟ್‌ಗಳಿಗೆ ಹಂಚಬೇಕು, ಅರ್ಥಿಂಗ್ ಗಟ್ಟಿ ಮಾಡಬೇಕು. ಮೂರು ಫೇಸ್‌ಗಳಿಗೆ ಸಮನಾಗಿ ಹಂಚಿದರೂ ವಿದ್ಯುತ್ ಅಲೆಯನ್ನು ಕೆಡಿಸುವ ಹಾರ್ಮೋನಿಕ್ಸ್‌ನಿಂದಾಗಿ ನ್ಯೂಟ್ರಲ್‌ನಲ್ಲಿ ಕರೆಂಟ್ ಒಟ್ಟುಗೂಡುವುದರಿಂದ ತೆಳುವಾದ ನ್ಯೂಟ್ರಲ್ ವೈರ್ ಬಿಸಿಯಾಗುತ್ತದೆ. ಜನರೇಟರ್ ಬಂದ ಕ್ಷಣ ಎಲ್ಲವೂ ಒಟ್ಟಿಗೆ ಏಳದೆ, ಆರಾರು ಯೂನಿಟ್‌ಗಳಂತೆ ಎರಡು ಸೆಕೆಂಡ್ ಅಂತರದಲ್ಲಿ ಏಳುವಂತೆ ಹೊಂದಿಸಿ; ಮೊದಲ ಸರದಿ ಪ್ಯಾಕಿಂಗ್ ಸಾಲಿನದಾಗಿರಲಿ.

ಪ್ರೋಗ್ರಾಂ ಬರೆಯುವವರಿಗೆ ಎರಡು ಮಾತನ್ನು ಲಿಖಿತವಾಗಿ ಕೊಡಿ. ಮೊದಲನೆಯದು, ವೇಗದ ಸೆಟ್‌ಪಾಯಿಂಟನ್ನು ಬದಲಾದಾಗ ಮಾತ್ರ ಬರೆಯಬೇಕು. ಕೆಲವು ಮೋಟರ್‌ಗಳು ಬಂದ ಸೆಟ್‌ಪಾಯಿಂಟನ್ನು ಇಇಪ್ರಾಂ ಎಂಬ ಶಾಶ್ವತ ನೆನಪಿನಲ್ಲಿ ಇಡುತ್ತವೆ, ಅದರ ಬಾಳಿಕೆ ಸಾಮಾನ್ಯವಾಗಿ ಒಂದು ಲಕ್ಷ ಬಾರಿ ಬರೆಯುವವರೆಗೆ. ಹತ್ತು ಸೆಕೆಂಡಿಗೊಮ್ಮೆ ಅದೇ ಅಂಕಿಯನ್ನು ಬರೆಯುತ್ತಿದ್ದರೆ ದಿನಕ್ಕೆ 8,640 ಬಾರಿಯಾಗಿ, ಎರಡು ವಾರದೊಳಗೆ ಆ ಮಿತಿ ದಾಟುತ್ತದೆ. ಎರಡನೆಯದು, ಪಿಎಲ್‌ಸಿ ಸತ್ತರೂ ಕೇಬಲ್ ಕಿತ್ತರೂ ಪ್ರತಿ ಫ್ಯಾನ್ ಕೊನೆಯ ವೇಗದಲ್ಲಿಯೇ ಓಡುತ್ತಿರಬೇಕು, ಅಲಾರಾಂ ಮಾತ್ರ ಕೂಗಬೇಕು. ಕೆಲಸ ಒಪ್ಪಿಸಿಕೊಳ್ಳುವ ದಿನ ಅವರ ಎದುರಿಗೇ ಕೇಬಲ್ ಕಿತ್ತು, ಪಿಎಲ್‌ಸಿಯ ವಿದ್ಯುತ್ ತೆಗೆದು, ಮೇನ್ ಆಫ್ ಮಾಡಿ ಜನರೇಟರ್‌ಗೆ ಹೋಗಿ ಬಂದು ನೋಡಿ.

ಆಡಿಟ್ ಬಗ್ಗೆ ನೀವು ಕೇಳಿಲ್ಲವಾದರೂ ಹೇಳುತ್ತೇನೆ. ವೇಗ ಬದಲಿಸುವುದು, ಮೋಟರ್ ಬದಲಿಸುವುದು ಎರಡೂ ನಿಮ್ಮ ಗುಣಮಟ್ಟ ವ್ಯವಸ್ಥೆಯಲ್ಲಿ ಚೇಂಜ್ ಕಂಟ್ರೋಲ್ (ಬದಲಾವಣೆಯನ್ನು ಒಪ್ಪಿಗೆ ಪಡೆದು ದಾಖಲಿಸುವ ಕ್ರಮ) ಅಡಿ ಬರುತ್ತವೆ. ಯೂನಿಟ್ ಬದಲಿಸಿದಲ್ಲೆಲ್ಲ ಸೋರಿಕೆ ಪರೀಕ್ಷೆ, ಗಾಳಿಯ ವೇಗ, ಕಣಗಳ ಎಣಿಕೆ, ಚೇತರಿಕೆ ಸಮಯ, ಹೊಗೆ ಬಿಟ್ಟು ಗಾಳಿಯ ದಿಕ್ಕು ನೋಡುವುದು, ಇವೆಲ್ಲ ಮತ್ತೆ ಆಗಬೇಕು. ಸೆಟ್‌ಪಾಯಿಂಟ್ ಬದಲಿಸುವ ಪಾಸ್‌ವರ್ಡ್ ಇಬ್ಬರಿಗಿಂತ ಹೆಚ್ಚು ಮಂದಿಯ ಕೈಯಲ್ಲಿ ಇರಬಾರದು, ಯಾರು ಯಾವಾಗ ಏನು ಬದಲಿಸಿದರೆಂಬುದು ಅಳಿಸಲಾಗದಂತೆ ದಾಖಲಾಗಬೇಕು.

ಮಾಲೀಕರಿಗೆ ಹೇಳುವಾಗ ಕ್ರಮ ಹೀಗಿರಲಿ: ಈ ವಾರ ಕೆಪಾಸಿಟರ್ ಮತ್ತು ಪ್ರೀ-ಫಿಲ್ಟರ್, ಭಾನುವಾರ ಪ್ಲೀನಂ ಅಳತೆ, ಅದರ ಫಲ ಬರುವವರೆಗೆ ಫ್ಯಾನ್ ಆರಿಸುವುದು ಬಂದ್, ಬರುವ ತಿಂಗಳು ಡಿಪಿ ಸ್ವಿಚ್‌ಗಳ ಅಲಾರಾಂ, ಆಮೇಲೆ ಹಾಲ್‌ನಲ್ಲಿ ವೇಗ ಇಳಿಸುವ ಪ್ರಯೋಗ. ಅದರಿಂದ ಬರುವ ನಿಮ್ಮದೇ ಅಂಕಿಗಳನ್ನು ಮುಂದಿಟ್ಟುಕೊಂಡು ಇಸಿ ಮೋಟರ್ ಮತ್ತು ಮಾಡ್‌ಬಸ್‌ಗೆ ಕೊಟೇಷನ್ ಕೇಳಿ. ಪ್ಲೀನಂ ಅಳತೆಯಲ್ಲಿ ಏನು ಕಂಡಿತೆಂದು ಬರೆದು ತಿಳಿಸಿದರೆ, ಎಎಚ್‌ಯು ಇಂಟರ್‌ಲಾಕ್ ಹೇಗಿರಬೇಕೆಂಬುದನ್ನು ನಿಮ್ಮ ಡಕ್ಟ್ ನಕ್ಷೆ ನೋಡಿ ಹೇಳಬಲ್ಲೆ.